ಸಡ್ಡಕನ ತೋಳಿನ ಬಿಲ್ಲೆ

ಶುಗರ್ ಬಂದವರಿಗೆ ಸಿಹಿ ಬಂದ್ ಆಗ್ತದ, ಫಜೀತಿ ಮಾತ್ರ ಬಂದ್ ಆಗಂಗಿಲ್ಲ. ನನ್ನ ಅರ್ಧಾ ಫಜೀತಿಗೆ ಕಾರಣ ನನ್ನ ಸಡ್ಡಕ, ಅಂದ್ರ ಹೆಂಡತಿ ತಂಗಿ ಗಂಡ. ಅಂವಂದು ಬಸವಕಲ್ಯಾಣದಾಗ ಬಟ್ಟಿ ಅಂಗಡಿ, ನಂದು ಹುಮನಾಬಾದ್ ಗಂಜಿನಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ತೊಗರಿ ವ್ಯಾಪಾರ. ಶುಗರ್ ಇಬ್ಬರಿಗೂ ಅದ, ಮರ್ಯಾದಿ ಅಂವಗ ಅಷ್ಟ.

೧. ಮದುವಿ ಊಟ

ಮಂಠಾಳದ ಒಂದು ಮದುವಿಗೆ ಸಡ್ಡಕ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಬಂದಿದ್ದ. ತೋಳಿನ ಮ್ಯಾಲ ರೂಪಾಯಿಯಷ್ಟು ಬಿಳಿ ಬಿಲ್ಲೆ. "ಸೆನ್ಸರ್ ರೀ ಅಣ್ಣಾರ. ಶುಗರ್ ಎಷ್ಟದ ಅಂತ ಹಗಲೂ ರಾತ್ರಿ ಫೋನಿನ್ಯಾಗ ತೋರಿಸ್ತದ" ಅಂದ. ಬೀಗರು ಪಾಪ ಅಂತ ಅಂವಗ ಬ್ಯಾರೆ ತಾಟಿನ್ಯಾಗ ಬಿಸಿ ಜ್ವಾಳದ ರೊಟ್ಟಿ ತಂದು ಕೊಟ್ಟರು.

"ನಂಗೂ ಶುಗರ್ ಅದ್ರಿ" ಅಂದೆ. ಬಡಿಸಾವ ನನ್ನ ತೋಳು ನೋಡಿದ. ಏನೂ ಕಾಣಲಿಲ್ಲ. "ಸುಮ್ನ ತಗೋರಿ" ಅಂತ ಎರಡು ಜಾಮೂನು ಹಾಕಿ ಹೋದ. ಹೊಟ್ಟಿಕಿಚ್ಚಿಗೆ ಎರಡೂ ತಿಂದೆ.

೨. ಕಡಿಮಿ ದರ್ಜೆ ಶುಗರ್

ಮರುದಿನ ಡಾಕ್ಟರ ಮುಂದ ಕುಂತು, "ನಂಗೂ ಬಿಲ್ಲೆ ಹಚ್ಚರಿ" ಅಂದೆ.

"ನಿಮ್ಮ ಸಡ್ಡಕ ಇನ್ಸುಲಿನ್ ತಗೋತಾರ. ಶುಗರ್ ಒಮ್ಮೆಲೆ ಇಳಿದ್ರ ಅದು ಕೂಗಿ ಎಬ್ಬಿಸ್ತದ. ಅವರಿಗೆ ಖರ್ಚಿಗೆ ತಕ್ಕ ಫಾಯದಾ ಅದ. ನಿಮಗ ಬರೇ ಗುಳಿಗಿ, ಬೆರಳು ಚುಚ್ಚಿ ನೋಡಿದ್ರ ಸಾಕು. ಎರಡು ವಾರಕ್ಕ ಆ ಬಿಲ್ಲೆ ಮುಗೀತದ, ಮತ್ತ ಹೊಸಾದು ಬೇಕು."

"ಅಂದ್ರ ನಂದು ಅಂವನಕಿಂತ ಕಡಿಮಿ ದರ್ಜೆ ಶುಗರ್ ಏನ್ರೀ?"

ಡಾಕ್ಟರು ಸೋತರು. "ಒಮ್ಮೆ ಹಾಕ್ಕೋರಿ. ಏನ್ ತಿಂದ್ರ ಎಷ್ಟು ಏರ್ತದ ಅಂತಾದ್ರೂ ತಿಳೀತದ" ಅಂದ್ರು. ಕಾಂಪೌಂಡರ್ ಅದನ್ನ ಹೆಂಡತಿ ಫೋನಿಗೂ ಜೋಡಿಸಿಕೊಟ್ಟ. ಆವತ್ತಿನಿಂದ ನಾ ಗಂಜಿನಾಗ ಚಾ ಮುಗಿಸೂದರಾಗ ಮನಿಯಿಂದ ಫೋನ್ ಬರ್ತಿತ್ತು: "ಖಾರಿ ಬಿಸ್ಕೀಟು ಎಷ್ಟು ತಿಂದ್ರಿ?"

೩. ಎಡಮಗ್ಗಲು

ಸಡ್ಡಕ ಹೆಂಡತಿ ಸಂಗಟ ನಮ್ಮ ಮನಿಗೆ ಊಟಕ್ಕ ಬಂದ. ಹೋಳಿಗಿ ಮಾಡಿದ್ರು, ನಮ್ಮಿಬ್ಬರಿಗೆ ಮಾತ್ರ ರೊಟ್ಟಿ, ಪುಂಡಿಪಲ್ಯ. ಉಂಡು ನಾ ಎಡಮಗ್ಗಲಾಗಿ ಅಡ್ಡಾದೆ. ಬಿಲ್ಲೆ ಇದ್ದದ್ದೂ ಎಡಗೈಗೆ. ಜರಾ ಕಣ್ಣು ಹತ್ತಿತ್ತು, ಫೋನ್ ಕೂಗಾಕತ್ತಿತು.

"ಅಯ್ಯ, ಶುಗರ್ ಇಳ್ಯಾಕತ್ತದ" ಅಂತ ನನ್ನಾಕಿ ಓಡಿ ಬಂದು, ಎಬ್ಬಿಸಿ ಕೂಡಿಸಿ, ಹೋಳಿಗಿ ಮುರಿದು ತನ್ನ ಕೈಯಾರೆ ಬಾಯಾಗ ಇಟ್ಲು. ಮದುವ್ಯಾದಾಗಿಂದ ಇಷ್ಟು ಉಪಚಾರ ಕಂಡಿದ್ದಿಲ್ಲ. ಬಾಯಿ ಬಿಡಲಿಲ್ಲ, ಅಂದ್ರ ಮಾತಿಗೆ. ಹೋಳಿಗಿಗೆ ಬಿಟ್ಟೆ.

ಆಕಿ ಡಾಕ್ಟರಿಗೆ ಫೋನ್ ಹಚ್ಚಿದ್ಲು. "ಆ ಕೈ ಮ್ಯಾಲ ಮಲಗಿದ್ರೇನು? ಒತ್ತಿದ್ರ ಅದು ಸುಳ್ಳ ಕಡಿಮಿ ತೋರಿಸ್ತದ. ಮೊದಲು ಬೆರಳು ಚುಚ್ಚಿ ನೋಡ್ರಿ" ಅಂದ್ರು ಡಾಕ್ಟರು. ಚುಚ್ಚಿದ್ರ ಶುಗರ್ ಮ್ಯಾಲ ಅದ. ಹೋಳಿಗಿ ತಾಟು ಒಳಗ ಹೋಯ್ತು.

ಸಡ್ಡಕ ಗ್ವಾಡಿಗೆ ಆತು ಎಲ್ಲಾ ನೋಡಿದ್ದ. "ಇಷ್ಟು ದಿನ ಬಿಲ್ಲೆ ಹಾಕ್ಕೊಂಡೀನಿ ಅಣ್ಣಾರ, ನಂಗ ಯಾರೂ ಹಿಂಗ ತಿನಿಸಿಲ್ಲ" ಅಂದ. ದನಿ ಸಣ್ಣದಾಗಿತ್ತು. ನನ್ನ ಹೊಟ್ಟಿ ಆವತ್ತು ತಣ್ಣಗಾಯ್ತು.

೪. ಬಸವಕಲ್ಯಾಣದ ಊಟ

ಮುಂದ ನಮಗ ಬಸವಕಲ್ಯಾಣಕ್ಕ ಊಟಕ್ಕ ಕರೆ ಬಂತು. ನನ್ನ ಬಿಲ್ಲೆ ಮುಗಿದಿತ್ತು. ಅವರ ಮನ್ಯಾಗ ಹೋಳಿಗಿ ಘಮ ಘಮ ಅನ್ನಾಕತ್ತಿತ್ತು. ಉಂಡ ಮ್ಯಾಲ ಸಡ್ಡಕ, "ಯಾಕೋ ಸುಸ್ತಾಗ್ಯಾದ" ಅಂತ ಬಿಲ್ಲೆ ಇದ್ದ ತೋಳು ಮೈ ಕೆಳಗ ಒತ್ತಿ ಮಲಗಿದ. ನಂಗ ತಿಳೀತು, ಮತ್ತ ಹೊಟ್ಟಿ ಉರೀತು.

ಫೋನ್ ಕೂಗಿತು. ಅಂವಾ ಕಣ್ಣು ಮುಚ್ಚಿ ಬಾಯಿ ತೆರೆದ. ಅಂವನ ಹೆಂಡತಿ ಸೂಜಿ ಡಬ್ಬಿ ತಂದು ಬಾಜೂಕ ಕುಂತ್ಲು.

"ಬಾಯಿ ಮುಚ್ಚರಿ, ಬೆರಳು ಕೊಡ್ರಿ."