ಪುಟಾಣಿ ರೈಲು ಮತ್ತು ಹೊಟ್ಟೆನೋವು

ಮಗಳು ಮೈತ್ರಿಗೆ ಕೊಟ್ಟ ಮಾತನ್ನು ಮಲ್ಲಿಕಾರ್ಜುನ್ ಮೂರು ಸಲ ಮುರಿದಿದ್ದ. ಶಿಕಾರಿಪುರದ ಕೆರೆ ಪಕ್ಕದ ಅರಸರ ಕಾಲದ ಉದ್ಯಾನದಲ್ಲಿ ಪುಟಾಣಿ ರೈಲಿದೆ, ಅದರಲ್ಲಿ ಅಪ್ಪನ ಪಕ್ಕ ಕೂರಬೇಕು. ಆರು ವರ್ಷದವಳ ಬೇಡಿಕೆ ಇಷ್ಟೇ. ಈ ಸಲವೂ ತಪ್ಪಿದರೆ ಅವಳು ಮಾತೇ ಬಿಡುತ್ತಾಳೆಂದು ಹೆದರಿ, ಸೊರಬದ ತನ್ನ ತಾಲ್ಲೂಕು ಕಚೇರಿಗೆ ಹೊಟ್ಟೆನೋವೆಂದು ಫೋನ್ ಮಾಡಿ, ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ.

ರೈಲಿನ ಟಿಕೆಟ್ ಸಾಲಿನಲ್ಲಿ ನಿಂತಿದ್ದಾಗ ಮಗಳು ಕಾಣೆಯಾದಳು. ಅವನು ಸಾಲಿನುದ್ದಕ್ಕೂ ಹುಡುಕಿದ. ಅಷ್ಟರಲ್ಲಿ ಮೈಕಿನಲ್ಲಿ ಅವಳದೇ ದನಿ. ಕಳೆದುಹೋದರೆ ಏನು ಹೇಳಬೇಕೆಂದು ಅವನೇ ಬಾಯಿಪಾಠ ಮಾಡಿಸಿದ್ದ.

"ನಾನು ಮೈತ್ರಿ. ಅಪ್ಪ ಮಲ್ಲಿಕಾರ್ಜುನ್, ಸೊರಬದ ಆಫೀಸಲ್ಲಿ ಕೇಸ್ ವರ್ಕರ್." ಪಾಠ ಅಲ್ಲಿಗೆ ಮುಗಿಯಿತು, ಮಗು ಮುಗಿಸಲಿಲ್ಲ. "ಇವತ್ತು ಅಪ್ಪಂಗೆ ಹೊಟ್ಟೆನೋವು. ಫೋನಲ್ಲಿ ಮಾತ್ರ."

ಸಾಲಿಗೆ ಸಾಲೇ ನಕ್ಕಿತು. "ಯಾರ್ರೀ ಆ ಪುಣ್ಯಾತ್ಮ?" ಎಂದರು ಹಿಂದಿದ್ದವರು.

"ಗೊತ್ತಿಲ್ರೀ," ಎಂದು ತಾನೂ ನಕ್ಕ ಮಲ್ಲಿಕಾರ್ಜುನ್, ಹೆಲ್ಮೆಟ್ ಹಾಕಿಕೊಂಡು ಮೈಕಿದ್ದ ಕಲ್ಲುಮಂಟಪಕ್ಕೆ ಓಡಿದ.

ಅಲ್ಲಿ ಮಗಳ ಪಕ್ಕ ನಿಂತಿದ್ದವರು ಅವನ ಸಾಹೇಬರು! ಸ್ಥಳ ತನಿಖೆಗೆ ಉಳವಿ ಹೋಬಳಿಗೆ ಹೋಗುತ್ತೇನೆಂದಿದ್ದವರು ಇಲ್ಲಿ ಕಳೆದುಹೋದ ಅತ್ತೆಯನ್ನು ಹುಡುಕುತ್ತಿದ್ದರು. ಮೈಕಿನವನೂ ಆಕೆಯನ್ನು ಹುಡುಕಲು ಹೋಗಿದ್ದ.

"ಹೊಟ್ಟೆನೋವು ಹೆಂಗೈತ್ರೀ?" ಸಾಹೇಬರು ಮೆಲ್ಲಗೆ ಕೇಳಿದರು.

"ಕಡಿಮೆ ಆತು ಸಾರ್. ಉಳವಿ ತನಿಖೆ ಆತಾ ಸಾರ್?"

ಸಾಹೇಬರು ಅತ್ತಿತ್ತ ನೋಡಿದರು. "ನೋಡ್ರಿ, ಯಾರಾದ್ರೂ ಕೇಳಿದ್ರೆ ಇಬ್ರೂ ಉಳವೀಲಿದ್ವಿ ಅನ್ನನ. ಇಲ್ಲಿ ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ."

ಮಲ್ಲಿಕಾರ್ಜುನ್‌ಗೆ ಹೋದ ಜೀವ ಬಂದಂತಾಯಿತು.

"ಅಪ್ಪಾ, ಮೈಕಿಂದು ಕೆಂಪು ದೀಪ ಇನ್ನೂ ಉರೀತೈತಲ್ಲ?" ಎಂದಳು ಮೈತ್ರಿ.

ಹೊರಗೆ ಇಡೀ ಉದ್ಯಾನ ಹೋ ಎಂದು ನಗುತ್ತಿತ್ತು. ಮೊದಲು ಮಂಟಪ ಹತ್ತಿದವಳು ಚಂದ್ರಗುತ್ತಿಯ ಹುಲಿಯಮ್ಮ. ಬೆಳಿಗ್ಗೆ ಸೊರಬದ ಕಚೇರಿಯಲ್ಲಿ ಇವರಿಬ್ಬರೂ ಇಲ್ಲವೆಂದು ಹಿಂದಿರುಗಿ, ಶಿಕಾರಿಪುರದ ಮಗಳ ಮನೆಗೆ ಬಂದು, ಮೊಮ್ಮಕ್ಕಳಿಗೆ ರೈಲು ತೋರಿಸಲು ಕರೆತಂದಿದ್ದಳು. ಪಹಣಿ ತಿದ್ದುಪಡಿಯ ಕಾಗದ ಕಂಕುಳಲ್ಲೇ ಇತ್ತು.

"ಇಬ್ರೂ ಒಂದೇ ಕಡೆ ಸಿಕ್ಕಿದ್ರಲ್ಲ! ಮೂರು ತಿಂಗಳಿಂದ ಈ ಪುಣ್ಯ ಬಂದಿರ್ಲಿಲ್ಲ."

ಅವಳ ಹಿಂದೆ ಸಾಲು ಬೆಳೆಯಿತು. ಸರ್ಕಾರಿ ನೌಕರ ಸಿಕ್ಕಿದ್ದಾನೆಂದು ಕಾಗದ ಇಲ್ಲದವರೂ ನಿಂತರು.

"ಮೊದ್ಲು ಕೇಸ್ ವರ್ಕರ್ ನೋಡ್ಬೇಕಮ್ಮ, ಆಮೇಲೆ ನನ್ನ ಹತ್ರ," ಎಂದು ಸಾಹೇಬರು ಗಂಭೀರವಾಗಿ ಹೇಳಿ, "ಪಾಪ, ಮಗು ಯಾಕೆ ಕಾಯ್ಬೇಕು?" ಎನ್ನುತ್ತ ಮೈತ್ರಿಯ ಕೈ ಹಿಡಿದು ಜಾರಿಕೊಂಡರು.

ರೈಲು ಸೀಟಿ ಹಾಕಿತು. ಮುಂದಿನ ಡಬ್ಬಿಯಲ್ಲಿ ಕಳೆದುಹೋದ ಅತ್ತೆ ಆಗಲೇ ಕೂತಿದ್ದರು. ಅವರ ಹಿಂದೆ ಸಾಹೇಬರು, ಪಕ್ಕದಲ್ಲಿ ಮೈತ್ರಿ. ಮಂಟಪದ ಕಲ್ಲುಕಟ್ಟೆಯ ಮೇಲೆ ಅರ್ಜಿ ಹರಡಿಕೊಂಡಿದ್ದ ಅಪ್ಪನ ಮುಖ ನೋಡಿ ಅವಳು ಅಲ್ಲಿಂದಲೇ ಕೂಗಿದಳು:

"ಅಪ್ಪಾ, ಈಗ ಹೊಟ್ಟೆ ನಿಜವಾಗ್ಲೂ ನೋಯ್ತೈತಾ?"