ಬೀಗರ ಪಾಲಿನ ತುಂಡು

ಲುಸ್ವೇಟಿ ತಾತನ ಮರ್ಯಾದೆ ಆ ದಿನ ನೆಲ್ಲಿಕಾಯಿ ಗಾತ್ರದ ಒಂದು ಮಾಂಸದ ತುಂಡಿನ ಮೇಲೆ ನಿಂತಿತ್ತು. ಅದು ಕೋಳಿಯ ಕಲ್ಲುಹೊಟ್ಟೆ, ಕೋಳಿ ನುಂಗಿದ ಕಾಳುಕಡ್ಡಿಯನ್ನೆಲ್ಲ ಅರೆಯುವ ಗಟ್ಟಿ ಗಂಟು. ಕೀನ್ಯಾದ ನಮ್ಮ ಬುಕುಸು ಜನರಲ್ಲಿ ಅದು ಮನೆಯ ಹಿರಿಯನ ಪಾಲು. ಬೀಗರು ಬಂದರೆ ಬೀಗರ ಪಾಲು. ತಟ್ಟೆಯಲ್ಲಿ ಅದು ಕಾಣದಿದ್ದರೆ ಬೀಗರು ಕೈತೊಳೆದು ಎದ್ದು ಹೋಗಬಹುದು, ಯಾರೂ ತಪ್ಪೆನ್ನುವುದಿಲ್ಲ.

ಚಿಕ್ಕಂದಿನಲ್ಲಿ ನಾವೆಲ್ಲ ಅಜ್ಜ ಅದನ್ನು ಜಗಿಯುವುದನ್ನು ನೋಡುತ್ತ ಕೂತವರೇ. ಅಜ್ಜನ ದವಡೆ ಆಡಿದ ಹಾಗೆ ನಮ್ಮ ದವಡೆಯೂ ಆಡುತ್ತಿತ್ತು. ಕೊನೆಗೆ ನಮಗೆ ಸಿಗುತ್ತಿದ್ದದ್ದು ಕತ್ತು, ಇಲ್ಲವೆ ಕಾಲಿನ ಬೆರಳು. ಲುಸ್ವೇಟಿಯೂ ಹಾಗೇ ಕಾದು ಕಾದು, ಗಡ್ಡ ನೆರೆತ ಮೇಲೆ ಅದರ ರುಚಿ ಕಂಡವನು. ಹೊಟ್ಟೆ ತುಂಬದಿದ್ದರೂ ಆ ದಿನಗಳೇ ಚೆನ್ನಾಗಿದ್ದವು ಅಂತ ನನಗೆ ಈಗಲೂ ಅನಿಸುತ್ತದೆ.

ಏಪ್ರಿಲ್ ರಜೆಗೆ ನೈರೋಬಿಯಿಂದ ಲುಸ್ವೇಟಿಯ ಮೊಮ್ಮಕ್ಕಳು ಬಂದಿದ್ದರು, ನೆಲಿಮಾ ಮತ್ತು ಅವಳ ತಮ್ಮ ಕುಂಡು. ಅವರು ಬಂದಿಳಿದದ್ದೇ ತಡ, ಬಿರುಗಾಳಿ ಮಳೆ ಹಿಡಿದುಕೊಂಡಿತು. ಕಬ್ಬೆಲ್ಲ ನೆಲಕ್ಕೆ ಮಲಗಿತು, ಕರೆಂಟು ಹೋಯಿತು. ತಗಡಿನ ಮೇಲೆ ಆಲಿಕಲ್ಲು ಬೀಳುವಾಗ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಟೀವಿ ಇಲ್ಲದೆ ಮಕ್ಕಳು ಮುಖ ಊದಿಸಿಕೊಂಡು ಕೂತಿದ್ದರು. ಡಿಸೆಂಬರಿನ ದೊಡ್ಡ ರಜೆಗೆ ಯಾವ ತಾತನ ಮನೆ ಅನ್ನುವುದನ್ನು ಅವರೇ ಆರಿಸಿಕೊಳ್ಳಲಿ ಎಂದು ಅವರಪ್ಪ ಬೇರೆ ಹೇಳಿ ಕಳಿಸಿದ್ದ. ಆ ಇನ್ನೊಬ್ಬ ತಾತ, ಬೀಗ ಮುಲೋಂಗೋ, ಅವತ್ತು ಊಟಕ್ಕೆ ಬರುವವರಿದ್ದರು. ಊಟದಲ್ಲಿ ಒಂದು ಕೊರತೆ ಕಂಡರೂ ಸಾಕು, ಮಕ್ಕಳು ಕೈತಪ್ಪಿ ಹೋದರೆಂದೇ ಲುಸ್ವೇಟಿಯ ಭಯ.

ಅವನ ಹೆಂಡತಿ ಅಯುಮಾ ಅಜ್ಜಿ ಹೇಂಟೆ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಸೌಟು ಹಾಕಿ ತಳದವರೆಗೂ ಕೆದಕಿದಳು.

"ರೀ, ಕಲ್ಲುಹೊಟ್ಟೆ ಕಾಣ್ತಿಲ್ಲ."

ನೆಲಿಮಾ ಬಾಯಿ ಒರೆಸಿಕೊಂಡಳು. "ನಾನು ತಿಂದೆ ಅಜ್ಜಿ. ಚೆನ್ನಾಗಿತ್ತು."

"ಅಯ್ಯೋ ನನ್ನ ಕರ್ಮವೇ," ಲುಸ್ವೇಟಿ ತಾನೂ ಪಾತ್ರೆಯೊಳಗೆ ಇಣುಕಿದ. "ಅದು ಬೀಗರದ್ದು ಕಣೇ. ಮಕ್ಕಳು ಮುಟ್ಟೋ ಹಾಗಿಲ್ಲ."

"ನೈರೋಬಿಯಲ್ಲಿ ಅಂಗಡೀಲೇ ಪ್ಯಾಕೆಟ್ ಸಿಗತ್ತಲ್ಲ ತಾತ. ಅರ್ಧ ಕೆಜಿ."

"ಅಷ್ಟೊಂದು ಹಿರಿಯರ ಪಾಲನ್ನ ಒಂದೇ ಪ್ಯಾಕೆಟ್ಟಿಗೆ ತುಂಬ್ತಾರಾ? ಅದಕ್ಕೇ ದೇಶ ಹೀಗಾಗಿದೆ."

"ಮದುವೆಯಾದಾಗಿಂದ ಬೇಯಿಸ್ತಾನೇ ಇದೀನಿ," ಅಂದಳು ಅಯುಮಾ. "ಅದರ ರುಚಿ ಹೇಗಿರತ್ತೆ ಅಂತ ನಂಗಿವತ್ತಿಗೂ ಗೊತ್ತಿಲ್ಲ. ಏನೇ ನೆಲಿಮಾ, ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ?"

ಹೆಂಡತಿಯನ್ನು ಬಯ್ಯಲೂ ಪುರುಸೊತ್ತಿಲ್ಲದೆ ಲುಸ್ವೇಟಿ ಛತ್ರಿ ಹಿಡಿದು ಪಕ್ಕದ ಮುಕೋಯಾನ ಮನೆಗೆ ಓಡಿದ. ಅಂಗಳ ದಾಟುವಷ್ಟರಲ್ಲಿ ಛತ್ರಿ ತಿರುಗಾಮುರುಗಾ ಆಯಿತು. ಮುಕೋಯಾನ ಬಾಗಿಲು ತಲುಪಿದ್ದು ಜಾರಿಕೊಂಡೇ.

"ಉಪ್ಪು ಕೇಳು, ಕೊಡ್ತೀನಿ," ಅಂದ ಮುಕೋಯಾ. "ಬೇಕಾದ್ರೆ ಎತ್ತು ಕೇಳು. ಕಲ್ಲುಹೊಟ್ಟೆ ಯಾರಾದ್ರೂ ಸಾಲ ಕೊಡ್ತಾರೇನೋ ಮಾರಾಯ?"

ಅವನ ಹೆಂಡತಿ ಫೆಲಿಸ್ಟಾ ಒಳಗಿಂದಲೇ ದಾರಿ ತೋರಿಸಿದಳು. "ಆಲೂಗೆಡ್ಡೆನ ಗುಂಡಗೆ ಕೊಯ್ದು, ಚೆನ್ನಾಗಿ ಹುರಿದು ಇಡಿ ಅಣ್ಣಾ."

"ಬೀಗರಿಗೆ ವಯಸ್ಸಾಗಿದೆ ತಾಯಿ, ನಾಲಿಗೆ ಹೋಗಿಲ್ಲ."

ಇನ್ನು ಉಳಿದಿದ್ದದ್ದು ಲುಸ್ವೇಟಿಯ ಹುಂಜ ಒಂದೇ. ಇಡೀ ಕೇರಿಯನ್ನು ಎಬ್ಬಿಸುತ್ತಿದ್ದ ಹುಂಜ. ಮಗ ಕೇಳಿದರೂ ಕೊಯ್ದಿರಲಿಲ್ಲ. ಹಿಡಿಯಲು ಹೋದರೆ ಅದು ಬಾಳೆಗಿಡಗಳ ನಡುವೆ ನುಗ್ಗಿ ಓಡಿತು. ಹಿಂದೆ ಲುಸ್ವೇಟಿ, ಅವನ ಹಿಂದೆ ಮಕ್ಕಳು, ಅವರ ಹಿಂದೆ ತಮಾಷೆ ನೋಡಲು ಬಂದ ಮುಕೋಯಾ ದಂಪತಿ. ಕೆಸರಲ್ಲಿ ಬಿದ್ದರು, ಎದ್ದರು, ಮತ್ತೆ ಬಿದ್ದರು. ಆ ವಾರದಲ್ಲಿ ಮಕ್ಕಳು ನಕ್ಕಿದ್ದು ಅದೇ ಮೊದಲು. ನಾವೂ ಒಂದು ಕಾಲದಲ್ಲಿ ಇದೇ ಮಳೆಯಲ್ಲಿ, ಇದೇ ಕೆಸರಲ್ಲಿ ಹಾಗೆ ನಕ್ಕವರು. ಲುಸ್ವೇಟಿಗೂ ಅದು ನೆನಪಾಗಿರಬೇಕು, ಹುಂಜ ಕೈಗೆ ಸಿಕ್ಕಾಗ ಅವನ ಕಣ್ಣು ಒದ್ದೆಯಾಗಿತ್ತು. ಮಳೆನೀರು ಅಂದ.

ಮುಲೋಂಗೋ ಬಂದಾಗ ಮಧ್ಯಾಹ್ನ ಕಳೆದಿತ್ತು. ಒದ್ದೆ ಟೋಪಿ ತೆಗೆದು, ಕೋಲಿನ ಹಾಗೆ ನೆಟ್ಟಗೆ ಕೂತರು. ಜೋಳದ ಮುದ್ದೆ ಬಂತು, ಸಾರು ಬಂತು. ಅವರು ತಟ್ಟೆಯನ್ನು ನಿಧಾನವಾಗಿ ತಿರುಗಿಸಿ ನೋಡಿದರು. ಎಲ್ಲಕ್ಕಿಂತ ಮೇಲೆ, ಎದ್ದು ಕಾಣುವ ಹಾಗೆ, ಕಲ್ಲುಹೊಟ್ಟೆ ಇತ್ತು. ಮುಲೋಂಗೋ ತಲೆದೂಗಿದರು. ಲುಸ್ವೇಟಿಗೆ ಹೋದ ಜೀವ ಬಂದಂತಾಯಿತು.

ಮುಲೋಂಗೋ ತುಂಡನ್ನು ಎತ್ತಿಕೊಂಡರು. ಅತ್ತ ಇತ್ತ ನೋಡಿ, ನೆಲಿಮಾಳನ್ನು ಹತ್ತಿರ ಕರೆದು ಅವಳ ಬಾಯಿಗೆ ಇಟ್ಟುಬಿಟ್ಟರು.

"ಬೀಗರೇ, ಅದು ನಿಮ್ಮ ಪಾಲು," ಅಂದ ಲುಸ್ವೇಟಿ.

"ನಮ್ಮನೇಲಿ ಯಾವಾಗ್ಲೂ ಇವಳದ್ದೇ ಬೀಗರೇ. ಚಿಕ್ಕವನಿದ್ದಾಗ ನಮ್ಮಜ್ಜನ ಬಾಯಿ ನೋಡಿ ನೋಡಿ ಸಾಕಾಗಿತ್ತು ನಂಗೆ. ಇವಳಿಗೂ ಆ ಗತಿ ಬೇಡ ಅಂತ." ಅವರು ದನಿ ತಗ್ಗಿಸಿದರು. "ಹೊರಗೆ ಎಲ್ಲೂ ಹೇಳ್ಬೇಡಿ ಮತ್ತೆ. ಜನ ನಗ್ತಾರೆ."

ಬಾಗಿಲಲ್ಲಿ ನಿಂತಿದ್ದ ಮುಕೋಯಾ ಆಗಲೇ ನಗುತ್ತಿದ್ದ. ಲುಸ್ವೇಟಿ ಖಾಲಿ ಅಂಗಳ ನೋಡಿದ. ಹೇಂಟೆ ಹೋಯಿತು, ಹುಂಜ ಹೋಯಿತು. ಇನ್ನು ಮಕ್ಕಳೂ ಹೋದರು, ತನ್ನ ಪಾಲನ್ನೇ ಕೊಡುವ ಇಂಥ ತಾತನನ್ನು ಯಾರು ಬಿಡುತ್ತಾರೆ.

ಅಷ್ಟರಲ್ಲಿ ನೆಲಿಮಾ ಜಗಿಯುತ್ತಲೇ ಬಂದು ಅವನ ಮೊಣಕಾಲಿಗೆ ಒರಗಿದಳು.

"ತಾತ, ಡಿಸೆಂಬರ್‌ಗೆ ನಾವು ಇಲ್ಲಿಗೇ ಬರೋದು. ಕುಂಡೂನೂ ಒಪ್ಪಿದಾನೆ."

ಲುಸ್ವೇಟಿ ಬೀಗರ ಮುಂದೆಯೇ ಅವಳನ್ನು ತಬ್ಬಿಕೊಂಡ. "ಯಾಕಮ್ಮಾ? ಈ ತಾತ ಅಂದ್ರೆ ಅಷ್ಟು ಇಷ್ಟಾನಾ?"

"ಆ ತಾತನ ಮನೇಲಿ ದಿನಕ್ಕೆ ಒಂದೇ ಕೊಡ್ತಾರೆ. ಇಲ್ಲಿ ಎರಡು."

ಅಯುಮಾ ಗಂಡನ ತಟ್ಟೆಗೆ ಕೋಳಿಯ ಕತ್ತು ಹಾಕಿದಳು.

"ಹಾಗಾದ್ರೆ ಇವತ್ತಿಂದ್ಲೇ ನೀವು ಮೊಟ್ಟೆ ಮೇಲೆ ಕಾವಿಗೆ ಕೂತ್ಕೊಳ್ಳಿ," ಅಂದಳು.