ಭಾನುವಾರದ ಸಂತೆಯಲ್ಲಿ ನನ್ನ ಕೈಗುಣ

ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ಆಯುಷ್ಯದ ಅರ್ಧ ಭಾಗವನ್ನು ದಿಂಬಂ ಘಾಟಿಯ ತಿರುವುಗಳಲ್ಲಿ ನಿಂತೇ ಕಳೆದವನು ನಾನು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ಟು, ಬಾಯಲ್ಲಿ ಸೀಟಿ. ಕೋಳಿ ಹಿಡಿದು ಹತ್ತಿದವರು, ವಾಂತಿಗೆ ಕಿಟಕಿ ಹುಡುಕುವವರು, ರಸ್ತೆಗೆ ಆನೆ ಅಡ್ಡ ನಿಂತರೆ ಇಳಿದು ಫೋಟೊ ತೆಗೆಯಲು ಹೊರಟವರು, ಎಲ್ಲರನ್ನೂ ಒಂದೇ ಸೀಟಿಯಲ್ಲಿ ಹದ್ದುಬಸ್ತಿಗೆ ತಂದವನು. ಇಂಥವನಿಗೆ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿಯ ರೈತರ ಸಂತೆಯಿಂದ ಒಂದಿಷ್ಟು ಸೊಪ್ಪು ತರುವುದು ಯಾವ ಮಹಾ ಕೆಲಸ? ಹಾಗಂದುಕೊಂಡೇ ಮನೆಯಿಂದ ಹೊರಟೆ. ಈಗ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು, ಮಂಚದ ಮೇಲೆ ಬೋರಲು ಮಲಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಸಂತೆ ಅನ್ನುವುದು ನನ್ನ ಹೆಂಡತಿ ಪುಟ್ಟತಾಯಿಯ ಖಾತೆ. ಅದಕ್ಕೆ ನಾನು ಕೈಹಾಕಿದವನಲ್ಲ. ಆದರೆ ಈ ಸಲ ಅವಳ ಕಾಲು ಉಳುಕಿತ್ತು. ಅದಕ್ಕಿಂತ ಮುಖ್ಯವಾಗಿ, ಹಿಂದಿನ ದಿನ ನಾನೊಂದು ಘನಕಾರ್ಯ ಮಾಡಿದ್ದೆ. ಬೇಸಿಗೆಯ ಮಳೆ ಒಂದೆರಡು ಬಿದ್ದು ಹಿತ್ತಲಿನ ತುಂಬ ಕಳೆ ಎದ್ದಿತ್ತು. ನಿವೃತ್ತನಾದವನ ಕೈ ಸುಮ್ಮನಿರುತ್ತದೆಯೇ? ಎಲ್ಲವನ್ನೂ ಬುಡಸಮೇತ ಕಿತ್ತು ಪಕ್ಕದ ಮನೆಯ ಎಮ್ಮೆಗೆ ಹಾಕಿದೆ. ಎಮ್ಮೆ ಬಹಳ ಸಂತೋಷಪಟ್ಟಿತು.

ಪುಟ್ಟತಾಯಿ ಸಂತೋಷಪಡಲಿಲ್ಲ. ಏಕೆಂದರೆ ಅದು ಕಳೆಯಾಗಿರಲಿಲ್ಲ. ಅಣ್ಣೆಸೊಪ್ಪು, ದಂಟು, ಗೋಣಿಸೊಪ್ಪು ಎಲ್ಲ ಕಲೆತು ಬೆಳೆದ ಬೆರಕೆ ಸೊಪ್ಪು. ಅವಳ ತಮ್ಮ ಮಾದೇಶನಿಗಾಗಿ ಅವಳೇ ನೀರು ಚಿಮುಕಿಸಿ ಕಾಪಾಡಿಕೊಂಡು ಬಂದದ್ದು. ಮಾದೇಶನಿಗೆ ಕೆಟ್ಟ ಜ್ವರ ಬಂದು, ಆಸ್ಪತ್ರೆ ಸೇರಿ, ಅಂತೂ ಬದುಕಿ ಬಂದಿದ್ದ. ಆದರೆ ನಾಲಿಗೆ ಸತ್ತುಹೋಗಿತ್ತು. ಏನು ಬಡಿಸಿದರೂ ಒಂದು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದನಂತೆ. ತಾಯಿ ಹೋದ ಮೇಲೆ ಆ ಚಿಕ್ಕ ಹುಡುಗನನ್ನು ಸಾಕಿ ಬೆಳೆಸಿದವಳು ಪುಟ್ಟತಾಯಿ. ಅವನು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಅವಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದಳು.

"ಅಕ್ಕ, ಏನ್ ತಿಂದ್ರೂ ಮಣ್ಣ್ ತಿಂದಂಗಾಯ್ತದ ಕಣ. ಅವ್ವ ಮಾಡ್ತಿದ್ದ ಬೆರ್ಕ ಸೊಪ್ನ ಸಾರು ಉಂಡ್ರ ನಾಲ್ಗ ಏಳ್ತದೇನೋ ಅನ್ನುಸ್ತದ. ಬಾನ್ವಾರ ಮದ್ಯಾನದ ಬಸ್ಸಿಗ ಬತ್ತೀನಿ."

ಈಗ ಆ ಸೊಪ್ಪು ಎಮ್ಮೆಯ ಹೊಟ್ಟೆಯಲ್ಲಿತ್ತು.

"ನನ್ ತಮ್ಮುನ್ಗ ಏನ್ ಇಕ್ಲಿ? ಎಮ್ಮನ ಕರ್ದು ಅವುನ್ ಪಕ್ಕ ಕೂರುಸ್ಲಾ?" ಎಂದಳು ಪುಟ್ಟತಾಯಿ.

"ಸಂತೇಲಿ ಸಿಗಲ್ವಾ? ನಾನ್ ತತ್ತೀನಿ ಬುಡು," ಎಂದೆ ನಾನು, ಧೀರೋದಾತ್ತನಾಗಿ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸೀದಾ ಸೊಪ್ಪಿನ ಸಿದ್ದಮ್ಮನ ತಕ್ಕ ಓಗಿ. ಬೆರ್ಕ ಸೊಪ್ಪು ತರದು ಅವ್ಳೊಬ್ಳೇಯ. ಒಲ ಸುತ್ತಿ ಕುಯ್ಕಂಡು ಬರಗಂಟ ಬಿಸ್ಲು ಏರಿರ್ತದ. ಅದಕ್ಕ ಮುಂಚ ಓಗ್ಬ್ಯಾಡಿ. ಬೋಣಿ ಆಗ್ದೆ ಇರವ್ರ ಮುಂದ ನಿಂತ್ಕಬ್ಯಾಡಿ. ಬೆಲ ಅಂತೂ ಕೇಳಲೇಬ್ಯಾಡಿ!"

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಅದು ಚೆನ್ನಾಗಾದರೆ ದಿನವೆಲ್ಲ ಚೆನ್ನ, ಮೊದಲ ಗಿರಾಕಿ ಬೆಲೆ ಕೇಳಿ ಕೊಳ್ಳದೆ ಹೋದರೆ ಆ ದಿನ ಮುಗಿಯಿತು ಅಂತ ನಮ್ಮ ಕಡೆಯವರ ನಂಬಿಕೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಸ್ಸಿನ ಅನುಭವ ಬೇರೆ ಪಾಠ ಕಲಿಸಿತ್ತು: ಮೊದಲು ಹತ್ತಿದವನಿಗೆ ಕಿಟಕಿ ಸೀಟು! ತಡವಾಗಿ ಹೋಗಿ ಸೊಪ್ಪು ಸಿಗದಿದ್ದರೆ ಏನು ಗತಿ? ಪುಟ್ಟತಾಯಿ ಏಳುವ ಮೊದಲೇ ಚೀಲ ಹಿಡಿದು ಹೊರಟುಬಿಟ್ಟೆ.

ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ರೈತರು ಆಗಷ್ಟೇ ಮೂಟೆ ಬಿಚ್ಚುತ್ತಿದ್ದರು. ಇಡೀ ಸಂತೆಗೆ ಗಿರಾಕಿ ನಾನೊಬ್ಬನೇ. ಎಲ್ಲರೂ ನನ್ನನ್ನೇ ನೋಡಿದರು. ಸಿದ್ದಮ್ಮನ ಜಾಗ ಖಾಲಿಯಿತ್ತು. ಕೈ ಕಟ್ಟಿಕೊಂಡು ನಿಲ್ಲುವುದು ಹೇಗೆ ಅಂತ, ಸುಮ್ಮನೆ ಮಾತಿಗೆಂದಷ್ಟೇ, ಕುಂಬಳಕಾಯಿ ರಾಶಿ ಹಾಕಿದ್ದ ಚಿಕ್ಕಣ್ಣನನ್ನು ಕೇಳಿದೆ: "ಹೆಂಗಪ್ಪ ಕುಂಬಳಕಾಯಿ?"

ಕೇಳಬಾರದಿತ್ತು.

"ಬನ್ನಿ ಕಂಡಕ್ಟ್ರಣ್ಣ! ನೀವೇ ಬೋಣಿ!" ಅಂತ ಚಿಕ್ಕಣ್ಣ ಒಂದು ಕಾಯಿಯನ್ನು ಎತ್ತಿ ನನ್ನ ತೋಳಿಗೆ ಕೊಟ್ಟೇಬಿಟ್ಟ. ಆ ಕಾಯಿಗೆ ಫುಲ್ ಟಿಕೆಟ್ ಕೊಡಬೇಕು, ಅಷ್ಟು ದೊಡ್ಡದಿತ್ತು.

"ಇಷ್ಟ್ ಬ್ಯಾಡಪ್ಪ. ಒಂದ್ ಹೋಳು ಕುಯ್ದು ಕೊಡು."

"ಬೋಣಿಗ ಕಾಯ ಕುಯ್ದಾರಾ? ಇಡೀದೇ ತಕಬೇಕು. ಬೆಲ ಕೇಳ್ಬುಟ್ಟು ಓದ್ರ ನನ್ ಯಾಪಾರ ಇವತ್ತು ಮಲಿಕತ್ತದ ಕಣ!"

ಒಬ್ಬ ಬಡಪಾಯಿಯ ವ್ಯಾಪಾರ ಮಲಗಿಸಿದ ಪಾಪ ನನಗೇಕೆ? ಕೊಂಡೆ. ಕಥೆ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ಯಾವುದೋ ಮದುವೆ ಅಡುಗೆಯವನು ಗೂಡ್ಸ್ ಆಟೋ ತಂದು ನಿಲ್ಲಿಸಿ, ಚಿಕ್ಕಣ್ಣನ ಇಡೀ ರಾಶಿಯನ್ನು ಹೇರಿಕೊಂಡು ಹೋದ! ಚಿಕ್ಕಣ್ಣ ಖಾಲಿ ಗೋಣಿಚೀಲವನ್ನು ಬಾವುಟದ ಹಾಗೆ ಬೀಸುತ್ತ ಕೂಗಿದ: "ಕಂಡಕ್ಟ್ರಣ್ಣುನ್ ಕೈಗುಣ ನೋಡ್ರಲಾ!"

ಮೂವತ್ತು ವರ್ಷ ಜನ ನನ್ನ ಕೈಯನ್ನು ನೋಡಿದ್ದು ಒಂದೇ ಕಾರಣಕ್ಕೆ, ಅದರಿಂದ ಚಿಲ್ಲರೆ ಬರುತ್ತದೋ ಇಲ್ಲವೋ ಅಂತ. ಆ ಕೈಗೂ ಒಂದು ಗುಣವಿದೆ ಅಂತ ಹೇಳಿದವರು ಇವರೇ ಮೊದಲು. ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಬುದ್ಧಿ ಖಾಲಿಯಾಯಿತು.

ಆಮೇಲೆ ನಡೆದದ್ದನ್ನು ನಾನು ತಡೆಯಬಹುದಿತ್ತು ಅಂತ ಪುಟ್ಟತಾಯಿ ಹೇಳುತ್ತಾಳೆ. "ಇತ್ತ ಬನ್ನಿ, ನಂದೂ ಬೋಣಿ ಮಾಡಿ," ಅಂತ ಒಬ್ಬಳು ಕರೆದಳು. ಮೂಲಂಗಿ ಕೊಂಡೆ. "ನಾವೇನ್ ಪಾಪ ಮಾಡಿದ್ದೋ?" ಅಂದ ಬೀಟ್‌ರೂಟಿನವನು. ಕೊಂಡೆ. ನವಿಲುಕೋಸು ಕೊಂಡೆ. ನುಗ್ಗೆಯ ಎಲೆ ತುಂಬಿದ ಕಡ್ಡಿಯಿಂದಲೇ ಬಿಗಿದ ನುಗ್ಗೆಕಾಯಿ ಕಟ್ಟು ಕೊಂಡೆ. ಕೋಸಿನ ಪುಟ್ಟಣ್ಣನಂತೂ ನನ್ನ ಬಲಗೈಯನ್ನು ಹಿಡಿದು ತನ್ನ ರಾಶಿಯ ಮೇಲೆಲ್ಲ ಸವರಿಸಿ, ಎರಡು ಕೋಸನ್ನು ಅದೇ ಕೈಗೆ ಕೊಟ್ಟ. ಉದ್ಘಾಟನೆಗೆ ಬಂದ ಮಂತ್ರಿಯ ಹಾಗೆ ನಾನು ಬೋಣಿಯಿಂದ ಬೋಣಿಗೆ ನಡೆದೆ. ಮಂತ್ರಿಗಾದರೆ ಹೊರೆ ಹೊರಲು ಜನ ಇರುತ್ತಾರೆ.

ಬಿಸಿಲು ಏರಿತು. ಬೆಟ್ಟದ ಊರು ತಂಪು ಅಂತ ಹೇಳುವವರು ಬೇಸಿಗೆಯಲ್ಲಿ ಕುಂಬಳಕಾಯಿ ಹೊತ್ತು ಇಲ್ಲಿ ನಿಲ್ಲಬೇಕು. ಎರಡು ಚೀಲ ಎರಡು ಕೈಗೆ, ನುಗ್ಗೆ ಕಂಕುಳಿಗೆ, ಕಾಯಿ ಹೆಗಲಿಗೆ. ಸೊಂಟ ಒಂದು ಸಲ ಸಣ್ಣಗೆ ಕಿರುಗುಟ್ಟಿತು. ಇಂಥ ಓವರ್‌ಲೋಡ್ ಬಸ್ಸನ್ನು ನಾನೇ ಆಗಿದ್ದರೆ ಹೊರಡಲು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಸೊಪ್ಪಿನ ಸಿದ್ದಮ್ಮ ಬಂದಳು. ತಲೆಯ ಮೇಲೆ ಪುಟ್ಟಿ, ಪುಟ್ಟಿಯ ತುಂಬ ಆಗಷ್ಟೇ ಕುಯ್ದ ಬೆರಕೆ ಸೊಪ್ಪು. ಅವಳು ಅದನ್ನು ಇಳಿಸುವ ಮೊದಲೇ ಓಡಿಹೋಗಿ ಕೈ ಚಾಚಿದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಹಿಂದಿನಿಂದ ಪುಟ್ಟಣ್ಣನ ಅಬ್ಬರ ಕೇಳಿಸಿತು.

"ಸಿದ್ದಮ್ಮೋ! ಆ ಕೈಲಿ ಬೋಣಿ ಮಾಡುಸ್ಬ್ಯಾಡ! ಅವ್ರು ಮುಟ್ಟಿ ಓದ್ಮೇಲ ನನ್ತಕ್ಕ ಬಂದ ಮೊದಲ್ನೇ ಗಿರಾಕಿ ಅಸ ಕಣ! ಅರ್ದ ರಾಶಿ ತಿಂದ್ಬುಟ್ಟು ಓಯ್ತು!"

ಹಸು ಇನ್ನೂ ಅಲ್ಲೇ ನಿಂತು ಬಾಯಾಡಿಸುತ್ತಿತ್ತು. ಮೂಲಂಗಿಯವಳು, ಬೀಟ್‌ರೂಟಿನವನು ತಮಗೂ ಒಂದು ನೊಣ ಬಂದಿಲ್ಲವೆಂದು ಸಾಕ್ಷಿ ಹೇಳಿದರು. ಬೆಳಗ್ಗೆ ಇಡೀ ಸಂತೆ ಎಳೆದಾಡಿದ ಕೈಯನ್ನು ಈಗ ನಾನೇ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಬೇಕಾಯಿತು.

ಸಿದ್ದಮ್ಮ ಸೆರಗಿನಿಂದ ಪುಟ್ಟಿ ಮುಚ್ಚಿದಳು. "ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಯಾರಾದ್ರೂ ಒಬ್ರು ಬೋಣಿ ಮಾಡ್ಬುಡ್ಲಿ. ಆಮ್ಯಾಕ ನಿಮ್ಗ ಎಷ್ಟ್ ಬೇಕೋ ತಕಳಿ."

"ನಮ್ಮನೆಗ ನೆಂಟ್ರು ಬತ್ತಾವ್ರೆ ಕಣವ್ವ. ಕಾಯ್ಲೆ ಬಿದ್ದು ಎದ್ದಿರವ್ನು. ಒಂದ್ ಹಿಡಿ ಕೊಡು ಸಾಕು."

"ಕೊಡ್ತೀನಿ ಅಂದ್ನಲ್ಲಣ್ಣ. ಎರಡ್ನೇಯವ್ರಾಗಿ ತಕಳಿ."

ನ್ಯಾಯವಾದ ಮಾತು. ಎರಡನೆಯವನಾಗಲು ಸಿದ್ಧನಾಗಿ, ಕ್ಯೂನಲ್ಲಿ ನಿಂತ ಪ್ರಯಾಣಿಕನ ಶಿಸ್ತಿನಿಂದ ನಿಂತೆ. ಮೊದಲನೆಯವನು ಬಂದ. ಹಾಸನೂರಿನ ಕಡೆ ಪ್ರವಾಸಿಗಳು ಉಳಿದುಕೊಳ್ಳುವ ಯಾವುದೋ ವಸತಿಗೃಹದ ಅಡುಗೆಯವನು. ಪುಟ್ಟಿಯೊಳಗೆ ಇಣುಕಿ ನೋಡಿ ತಮಿಳಿನಲ್ಲಿ ಎರಡೇ ಮಾತು ಹೇಳಿದ: "ಎಲ್ಲಾಮೇ ಕುಡುಂಗ."

ಎಲ್ಲವನ್ನೂ ಕೊಡಿ ಅಂತ ಅರ್ಥ. ಕೊಟ್ಟಳು. ಬೋಣಿಗೆ ಇಲ್ಲ ಅನ್ನಲಾದೀತೇ?

ಖಾಲಿ ಪುಟ್ಟಿ ನೋಡಿ ಸಿದ್ದಮ್ಮನಿಗೇ ಕೆಡುಕೆನಿಸಿತು. "ಮುಂದಿನ್ ವಾರ ತಂದ್ಕೊಡ್ತೀನಿ ಬುಡಿ ಅಣ್ಣ," ಅಂದಳು. ಮಾದೇಶ ಬರುವುದು ಮುಂದಿನ ವಾರವಲ್ಲವಲ್ಲ! ನಿಲ್ದಾಣದ ಪಕ್ಕದ ಹುಣಸೆಮರದ ಕೆಳಗೆ ಹೊರೆ ಇಳಿಸಿ ಕುಸಿದು ಕೂತೆ. ಒಂದು ಚೀಲದ ಕಿವಿ ಕಿತ್ತುಬಂದು ಮೂಲಂಗಿ, ಬೀಟ್‌ರೂಟು ನನ್ನ ಮುಂದೆ ಸಾಲಾಗಿ ಹರಡಿಕೊಂಡವು. ಎತ್ತಿಡಲು ಬಗ್ಗಿದರೆ ಸೊಂಟ ಬಗ್ಗಲಿಲ್ಲ. ಟವೆಲ್ಲನ್ನು ತಲೆಗೆ ಹಾಕಿಕೊಂಡು ಹಾಗೇ ಕೂತೆ. ಕಾಯಿಲೆಯವನ ಬಾಯಿಯ ರುಚಿಯನ್ನು ಎಮ್ಮೆಗೆ ತಿನ್ನಿಸಿದವನು ನಾನು ಅನ್ನುವುದು ಆಗ ನಿಜವಾಗಿ ಎದೆಗೆ ಚುಚ್ಚಿತು.

"ನುಗ್ಗ ಎಂಗಪ್ಪ?" ಯಾರೋ ಹೆಂಗಸು ಮುಂದೆ ನಿಂತಿದ್ದಳು.

"ಇದು ಮಾರಕ್ಕಲ್ಲ ಕಣವ್ವ."

"ಮತ್ಯಾಕ ಇಂಗ ಅರಡ್ಕಂಡು ಕುಂತಿದ್ದಯ್?"

ಒಳ್ಳೆಯ ಪ್ರಶ್ನೆ. ಅಷ್ಟರಲ್ಲಿ ಅವಳು ಹೊರಟಳು. ಒಂದಾದರೂ ಹೊರೆ ಕಳೆಯಲಿ ಅನ್ನುವ ಆಸೆಗೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು: "ತಕೊಳವ್ವ! ಬೋಣಿ ಆಗಿಲ್ಲ! ಬೆಲ ಕೇಳ್ಬುಟ್ಟು ಓಯ್ತಿಯಲ್ಲ!"

ಅವಳು ತಿರುಗಿಯೂ ನೋಡಲಿಲ್ಲ. ಸಂತೆಗೆ ಹೋಗಲು ಯೋಗ್ಯರಾದವರು ಹೀಗಿರಬೇಕು. ಆಗ ನನ್ನ ಹಿಂದೆ ಒಂದು ಸೊರಗಿದ ದನಿ ಕೇಳಿತು.

"ಬಾವ... ಪೆನ್ಸನ್ನು ಸಾಲ್ತಾ ಇಲ್ವಾ?"

ಮಾದೇಶ! ಮಧ್ಯಾಹ್ನಕ್ಕೆ ಮುಂಚಿನ ಬಸ್ಸೇ ಸಿಕ್ಕಿ ಆಗಲೇ ಇಳಿದಿದ್ದ. ಅಂಗಿ ಅವನದೇ, ಒಳಗಿದ್ದವನು ಮಾತ್ರ ಅರ್ಧ ಆಗಿದ್ದ. ಆ ಅರ್ಧ ಆಳೇ ಬಗ್ಗಿ ಮೂಲಂಗಿ ಆರಿಸಿ ಚೀಲಕ್ಕೆ ತುಂಬಿದ. ನಾನು ಕೂತಲ್ಲಿಂದಲೇ ಮೇಲ್ವಿಚಾರಣೆ ಮಾಡಿದೆ. ಆಟೋದಲ್ಲಿ ನಮ್ಮಿಬ್ಬರ ನಡುವೆ ಕುಂಬಳಕಾಯಿ ಕೂತಿತ್ತು.

ಪುಟ್ಟತಾಯಿ ಬಾಗಿಲಲ್ಲೇ ಸ್ಟೂಲು ಹಾಕಿ ಕೂತಿದ್ದಳು. ತಮ್ಮನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸೊಪ್ಪು?"

"ಖಾಲಿ ಆಗೋಯ್ತು."

"ಮತ್ತ ಇದೆಲ್ಲ ಏನು?"

"ಬೋಣಿ."

ಆ ಒಂದು ಮಾತಿನಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ಬೈಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ. ಬೈಯಲಿಲ್ಲ, ಅದೇ ಭಯ ಹುಟ್ಟಿಸಿತು. ಕುಂಟುತ್ತ ಬಂದು ಚೀಲ ಸುರಿದಳು. ಮೂಲಂಗಿಯ ತಲೆಯ ಸೊಪ್ಪು ಹಿಡಿದು ನೋಡಿದಳು. ಬೀಟ್‌ರೂಟಿನ ಕೆಂಪು ದಂಟು, ನವಿಲುಕೋಸಿನ ಎಲೆ, ನುಗ್ಗೆ ಕಟ್ಟಿದ್ದ ಎಲೆಕಡ್ಡಿ, ಒಂದೊಂದನ್ನೂ ಎತ್ತಿ ಮೂಸಿದಳು.

"ಕುಂತ್ಕಂಡು ಬುಡ್ಸಿ ಇಬ್ರೂವೆ," ಅಂದಳು. "ಬೆರ್ಕ ಅಂದ್ರ ಬೆರ್ಕ ತಾನೇ."

ಬಾವ, ಬಾಮೈದ ಇಬ್ಬರೂ ಜಗಲಿಯಲ್ಲಿ ಕೂತು ಎಲೆ ಬಿಡಿಸಿದೆವು. ಅವಳು ಒಂದು ಕಾಲಿನಲ್ಲಿ ನಿಂತು ಬೇಯಿಸಿ, ಬಸಿದು, ರುಬ್ಬಿ, ಒಗ್ಗರಣೆ ಹಾಕಿದಳು. ಮಾದೇಶನ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟು ಅವನ ಮುಖವನ್ನೇ ನೋಡುತ್ತ ನಿಂತಳು. ನಾನೂ ಮುದ್ದೆ ಮುರಿಯದೆ ಕಾದೆ. ಅವನು ಒಂದು ತುತ್ತು ನುಂಗಿದ. ಇನ್ನೊಂದು ನುಂಗಿದ.

"ಅವ್ವುನ್ ಸಾರಲ್ಲ ಕಣಕ್ಕ ಇದು," ಅಂದ.

ಪುಟ್ಟತಾಯಿಯ ಮುಖ ಬಾಡಿತು.

"ಆದ್ರ... ಉಪ್ಪು ಗೊತ್ತಾಯ್ತಾ ಅದ. ಕಾರನೂ ಗೊತ್ತಾಯ್ತಾ ಅದ. ವಸಿ ಇಕ್ಕು ಇನ್ನೂವೆ."

ಅವಳು ಸಾರು ತರುವ ನೆಪದಲ್ಲಿ ಒಲೆಯ ಕಡೆ ತಿರುಗಿ ಬಹಳ ಹೊತ್ತು ನಿಂತಳು. ನಾನೂ ಈಗ ಮುದ್ದೆ ಮುರಿದೆ. ನೋಡಿ, ಇದೂ ನನ್ನ ಕೈಗುಣವೇ ಅಂತ ಹೇಳಲು ಬಾಯಿ ತೆರೆದೆ. ಪುಣ್ಯಕ್ಕೆ ಅಷ್ಟರಲ್ಲಿ ಅವಳೇ ಕುಂಬಳಕಾಯಿಯನ್ನು ನನ್ನ ಮುಂದೆ ಉರುಳಿಸಿ ಮಚ್ಚು ಇಟ್ಟಳು.

"ಎಂಗುಸ್ರು ಇಡೀ ಕುಂಬಳಕಾಯ ಒಡೀಬಾರ್ದು. ಮೊದಲ್ನೇ ಏಟು ನಿಮ್ದೇಯ. ಒಡೀರಿ, ಪಲ್ಯ ಮಾಡ್ತೀನಿ. ನೋಡ್ಮ ನಿಮ್ ಕೈಗುಣವ."

ಸೊಂಟ ಹಿಡಿದುಕೊಂಡು ಎದ್ದೆ. ಮಾದೇಶ ಉಣ್ಣುವುದು ಬಿಟ್ಟು ನೋಡಿದ. ಗುರಿಯಿಟ್ಟು, ದೇವರನ್ನು ನೆನೆದು, ಒಂದೇ ಏಟು ಹಾಕಿದೆ. ಕಾಯಿ ಎರಡು ಹೋಳಾಯಿತು. ಒಳಗೆಲ್ಲ ಕೊಳೆತು ಹುಳು ಹರಿದಾಡುತ್ತಿತ್ತು. ಬೋಣಿಗೆ ಕಾಯಿ ಕುಯ್ಯಬಾರದು ಅಂತ ಚಿಕ್ಕಣ್ಣ ಹೇಳಿದ್ದು ಯಾಕೆಂದು ಈಗ ಅರ್ಥವಾಯಿತು.

ಮಾದೇಶ ನಕ್ಕ. ಜ್ವರ ಬಂದ ಮೇಲೆ ಮೊದಲ ಸಲ ನಕ್ಕದ್ದಂತೆ. ಅವನ ಅಕ್ಕನೂ ಸೇರಿಕೊಂಡಳು. ಹೋಳುಗಳನ್ನು ಎಮ್ಮೆಯ ಮುಂದೆ ಇಟ್ಟು ಬಂದೆ. ಅದು ಮೂಸಿ ಮುಖ ತಿರುಗಿಸಿತು.

ಅಂದು ನನ್ನ ಕೈಯಿಂದ ಸರಿಯಾಗಿ ಆದ ಕೆಲಸ ಒಂದೇ. ಊಟವಾದ ಮೇಲೆ ಆ ಕೈಯನ್ನು ತೊಳೆದುಕೊಂಡೆ.